ಹೊಕ್ಕುಳಬಳ್ಳಿಯಲ್ಲಿ ಒಂದು ರಕ್ತನಾಳ ಕಡಿಮೆ: ಸ್ಕ್ಯಾನ್‌ನಿಂದ ಹೆರಿಗೆಯವರೆಗೆ

ಗರ್ಭದಲ್ಲಿ ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನ್ ವರದಿಯಲ್ಲಿ ‘ಸಿಂಗಲ್ ಅಂಬಿಲಿಕಲ್ ಆರ್ಟರಿ’ ಅಥವಾ ‘ಟೂ ವೆಸೆಲ್ ಕಾರ್ಡ್’ (ಹೊಕ್ಕುಳಬಳ್ಳಿಯ ಎರಡು ಅಪಧಮನಿಗಳಲ್ಲಿ ಒಂದು ಇಲ್ಲ ಎಂದರ್ಥ, ಚುಟುಕಾಗಿ ಎಸ್‌ಯುಎ) ಎಂಬ ಸಾಲು ಬರೆಸಿಕೊಂಡು ಮನೆಗೆ ಬಂದು, ಇದೇನಪ್ಪಾ ಎಂದು ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಾಣಂತನ ಇನ್ನೂ ಮುಗಿದಿಲ್ಲ. ಮಗು ಮಲಗಿದಾಗ ತುಂಡು ತುಂಡಾಗಿ ಬರೆದದ್ದು, ಹೆಚ್ಚು ಕಡಿಮೆ ಇದ್ದರೆ ಹೊಂದಿಸಿಕೊಳ್ಳಿ. ನಾನು ತೀರ್ಥಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳುವವಳು. ವೈದ್ಯರು ಹೇಳಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಬರೆದಿದ್ದೇನೆ. ನಿಮ್ಮ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆ.

ನಮ್ಮದು ಚೊಚ್ಚಲು. ಮೂರು ತಿಂಗಳವರೆಗೆ ವಾಂತಿ ಬಿಟ್ಟರೆ ಬೇರೆ ತೊಂದರೆ ಇರಲಿಲ್ಲ. ವರ್ಣತಂತು ದೋಷದ ಸಾಧ್ಯತೆ ತಿಳಿಯಲು ಮಾಡುವ ಹನ್ನೆರಡನೇ ವಾರದ ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂದಿನ ದ್ರವದ ಅಳತೆ), ಡಬಲ್ ಮಾರ್ಕರ್ ರಕ್ತಪರೀಕ್ಷೆ ಎರಡೂ ತವರಿನ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಆಗಿದ್ದವು, ‘ಲೋ ರಿಸ್ಕ್’ ಎಂದು ಬಂದಿತ್ತು. ಇಪ್ಪತ್ತನೇ ವಾರದ ಅನಾಮಲಿ ಸ್ಕ್ಯಾನ್‌ಗೆ ಶಿವಮೊಗ್ಗಕ್ಕೆ ಹೋದೆವು. ಭಾದ್ರಪದದ ಮಳೆ. ಬೆಳಿಗ್ಗೆ ಹತ್ತಕ್ಕೆ ಬರಲು ಹೇಳಿದ್ದವರು ಒಳಗೆ ಕರೆದದ್ದು ಊಟದ ಹೊತ್ತು ದಾಟಿದ ಮೇಲೆ. ಅದಕ್ಕೆ ಮುಂಚೆ ಫಾರ್ಮ್ ಎಫ್ ತುಂಬಬೇಕು, ಆಧಾರ್ ಪ್ರತಿ ಕೊಡಬೇಕು, ಮಗುವಿನ ಲಿಂಗ ತಿಳಿಯುವ ಉದ್ದೇಶವಿಲ್ಲ ಎಂಬ ಹೇಳಿಕೆಗೆ ಸಹಿ ಹಾಕಬೇಕು. 1994ರ ಲಿಂಗಪತ್ತೆ ನಿಷೇಧ ಕಾಯ್ದೆಯ ಪ್ರಕಾರ ಪ್ರತಿ ಬಸುರಿಯ ಪ್ರತಿ ಸ್ಕ್ಯಾನ್‌ಗೂ ಆ ಫಾರ್ಮ್ ಮತ್ತು ಹೇಳಿಕೆ ಬೇಕೇ ಬೇಕು. ಆಧಾರ್ ಪ್ರತಿಗಳ ಒಂದು ಕಟ್ಟನ್ನೇ ಫೈಲಿನಲ್ಲಿ ಇಟ್ಟುಕೊಂಡುಬಿಡಿ, ಜೆರಾಕ್ಸ್ ಅಂಗಡಿ ಹುಡುಕುವ ಕೆಲಸ ತಪ್ಪುತ್ತದೆ.

ಒಳಗೆ ಗಂಡನನ್ನು ಬಿಡಲಿಲ್ಲ. ಪರದೆ ವೈದ್ಯರ ಕಡೆಗೆ ತಿರುಗಿತ್ತು. ಅವರು ಅಳತೆಗಳನ್ನು ಗಟ್ಟಿಯಾಗಿ ಹೇಳುತ್ತಿದ್ದರು, ಪಕ್ಕದಲ್ಲಿ ಕುಳಿತ ಹುಡುಗಿ ಟೈಪ್ ಮಾಡುತ್ತಿದ್ದಳು. ತಲೆ, ಬೆನ್ನುಮೂಳೆ, ತೊಡೆಯ ಮೂಳೆ ಎಂದು ಸರಾಗವಾಗಿ ಸಾಗುತ್ತಿದ್ದದ್ದು ಹೊಟ್ಟೆಯ ಹತ್ತಿರ ಬಂದಾಗ ನಿಂತಿತು. ಪ್ರೋಬ್ ಒಂದೇ ಜಾಗದಲ್ಲಿ ಒತ್ತಿಕೊಂಡೇ ಇತ್ತು. ಎಡಕ್ಕೆ ಹೊರಳಿ ಎಂದರು, ಬಲಕ್ಕೆ ಹೊರಳಿ ಎಂದರು, ಹೊರಗೆ ಸ್ವಲ್ಪ ಓಡಾಡಿ ಬನ್ನಿ ಎಂದರು. ಓಡಾಡಿ ಬಂದು ಮತ್ತೆ ಮಲಗಿದ ಮೇಲೆ ಟೈಪ್ ಮಾಡುವ ಹುಡುಗಿಗೆ ‘ಟೂ ವೆಸೆಲ್ ಕಾರ್ಡ್, ಎಸ್‌ಯುಎ’ ಎಂದರು. ಏನಾದರೂ ತೊಂದರೆಯೇ ಎಂದು ಕೇಳಿದ್ದಕ್ಕೆ “ನಿಮ್ಮ ಡಾಕ್ಟರಿಗೆ ತೋರಿಸಿ” ಎಂಬುದಷ್ಟೇ ಉತ್ತರ. ಎರಡೂವರೆ ಸಾವಿರ ರೂಪಾಯಿ ಕಟ್ಟಿ ಲಕೋಟೆ ತೆಗೆದುಕೊಂಡು ಬಸ್ ಹತ್ತಿದೆವು.

ನಮ್ಮ ಡಾಕ್ಟರು ಗೌರಿ-ಗಣೇಶ ಹಬ್ಬಕ್ಕೆ ಊರಿಗೆ ಹೋಗಿದ್ದರು. ಹಬ್ಬ ಮುಗಿದು ಅವರು ಬರುವವರೆಗಿನ ಕಾಲ ಈ ಇಡೀ ಪ್ರಯಾಣದಲ್ಲಿ ನನಗೆ ಅತ್ಯಂತ ಕಷ್ಟದ ಕಾಲ. ಮನೆಯಲ್ಲಿ ಅತ್ತೆ ಕಡುಬು ಬೇಯಿಸುತ್ತಿದ್ದಾರೆ, ನಾನು ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಮೊಬೈಲ್ ನೋಡುತ್ತಿದ್ದೇನೆ. ಹೃದಯದ ನ್ಯೂನತೆ, ಮೂತ್ರಪಿಂಡದ ನ್ಯೂನತೆ, ಎಡ್ವರ್ಡ್ಸ್ ಸಿಂಡ್ರೋಮ್ ಎಂಬ ಗಂಭೀರ ವರ್ಣತಂತು ದೋಷ, ಬೆಳವಣಿಗೆ ಕುಂಠಿತ. ಒಂದು ಪುಟ ಧೈರ್ಯ ಹೇಳಿದರೆ ಮುಂದಿನ ಪುಟ ಅದನ್ನು ಕಿತ್ತುಕೊಳ್ಳುತ್ತಿತ್ತು. ಗಂಡನಿಗೆ ಹೇಳಿದ್ದೆ, ಅತ್ತೆಗೆ ಹೇಳಿರಲಿಲ್ಲ. ಹಬ್ಬದ ದಿನ ಕಣ್ಣು ಕೆಂಪಾಗಿದ್ದಕ್ಕೆ ಒಲೆಯ ಹೊಗೆಯ ಮೇಲೆ ಹಾಕಿದೆ, ನಮ್ಮ ಮನೆಯಲ್ಲಿ ಗ್ಯಾಸ್ ಒಲೆ.

ಡಾಕ್ಟರು ಬಂದ ಮೇಲೆ ವರದಿ ನೋಡಿ ಮೊದಲು ಕೇಳಿದ್ದು ಎನ್‌ಟಿ ಎಷ್ಟಿತ್ತು, ಡಬಲ್ ಮಾರ್ಕರ್ ಏನು ಬಂದಿತ್ತು ಎಂದು. ಆಮೇಲೆ ವರದಿಯ ಪ್ರತಿ ಸಾಲಿನ ಮೇಲೂ ಪೆನ್ನು ಓಡಿಸಿ, “ಹೊಕ್ಕುಳಬಳ್ಳಿ ಬಿಟ್ಟು ಬೇರೆ ಏನೂ ಬರೆದಿಲ್ಲ, ಅದೇ ಒಳ್ಳೆಯದು. ಆದರೆ ಇಲ್ಲಿ ನೋಡಿ” ಎಂದು ಒಂದು ಕಡೆ ಗೆರೆ ಎಳೆದರು. ಮಗು ಬೆನ್ನು ಮೇಲೆ ಮಾಡಿ ಮಲಗಿದ್ದರಿಂದ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳು ಸರಿಯಾಗಿ ಕಾಣಲಿಲ್ಲ ಎಂದು ಅಲ್ಲಿ ಸಣ್ಣ ಅಕ್ಷರದಲ್ಲಿತ್ತು. ನನ್ನ ಕಣ್ಣು ಆ ‘ಎಸ್‌ಯುಎ’ ದಾಟಿ ಅಲ್ಲಿಯವರೆಗೆ ಹೋಗಿರಲೇ ಇಲ್ಲ.

ಈ ಬರಹದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ. ಹೊಕ್ಕುಳಬಳ್ಳಿಯಲ್ಲಿ ಒಂದು ಅಪಧಮನಿ ಇಲ್ಲ ಎಂಬುದು ಅರ್ಧ ಸುದ್ದಿ. ಅದರ ಜೊತೆಗೆ ಬೇರೆ ನ್ಯೂನತೆ ಇದೆಯೇ ಇಲ್ಲವೇ ಎಂಬುದು ಉಳಿದರ್ಧ, ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ. ಬೇರೇನೂ ಇಲ್ಲದಿದ್ದರೆ ವೈದ್ಯರು ‘ಐಸೊಲೇಟೆಡ್’ ಎನ್ನುತ್ತಾರೆ. ಹಾಗೆ ಹೇಳಬೇಕಾದರೆ ಹೃದಯ, ಎರಡು ಮೂತ್ರಪಿಂಡ, ಬೆನ್ನುಮೂಳೆ, ಹೊಟ್ಟೆ, ಕೈಕಾಲು ಎಲ್ಲವನ್ನೂ ಪೂರ್ತಿಯಾಗಿ ನೋಡಿರಬೇಕು. ‘ಕಾಣಲಿಲ್ಲ’ ಎಂಬುದಕ್ಕೂ ‘ಸರಿಯಾಗಿದೆ’ ಎಂಬುದಕ್ಕೂ ಬಹಳ ವ್ಯತ್ಯಾಸವಿದೆ. ನಿಮ್ಮ ವರದಿಯಲ್ಲಿ ಆ ಪದ ಇದೆಯೇ ನೋಡಿ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ನಮ್ಮನ್ನು ಮಣಿಪಾಲದಲ್ಲಿ ಫೀಟಲ್ ಮೆಡಿಸಿನ್, ಅಂದರೆ ಗರ್ಭದಲ್ಲಿರುವ ಮಗುವಿನ ತೊಂದರೆ ನೋಡುವ ತಜ್ಞರಲ್ಲಿಗೆ ಕಳುಹಿಸಿದರು. ಅಲ್ಲಿಂದ ಕಾಗದದ ಗೋಳು ಶುರು. ಡಬಲ್ ಮಾರ್ಕರ್‌ನ ಮೂಲ ವರದಿ ತವರಿನ ನರ್ಸಿಂಗ್ ಹೋಮಿನ ಫೈಲಿನಲ್ಲೇ ಉಳಿದಿತ್ತು, ನಮ್ಮ ಕೈಗೆ ಕೊಟ್ಟಿದ್ದು ‘ಲೋ ರಿಸ್ಕ್’ ಎಂದು ಬರೆದ ಚೀಟಿ ಮಾತ್ರ. ತಜ್ಞರಿಗೆ ಅಂಕಿಗಳು ಬೇಕು. ಅಣ್ಣ ಹೋಗಿ ಕೇಳಿದರೆ ರೋಗಿಯೇ ಅರ್ಜಿ ಕೊಡಬೇಕು, ದಾಖಲೆ ಕೊಠಡಿ ಬೆಳಿಗ್ಗೆ ಮಾತ್ರ ತೆರೆದಿರುತ್ತದೆ, ಅದರ ಗುಮಾಸ್ತ ರಜೆಯಲ್ಲಿದ್ದಾನೆ. ಕೊನೆಗೆ ನನ್ನ ಸಹಿಯ ಪತ್ರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೋಯಿತು, ವರದಿಯ ಪ್ರತಿ ಅದೇ ದಾರಿಯಲ್ಲಿ ಬಂತು. ಮೊದಲ ಮೂರು ತಿಂಗಳ ಪ್ರತಿ ಪರೀಕ್ಷೆಯ ಪೂರ್ತಿ ಪ್ರತಿಯನ್ನು ಅವತ್ತೇ ಕೇಳಿ ಇಟ್ಟುಕೊಳ್ಳಿ. ಇನ್ನೊಂದು: ಬೇರೆ ಜಿಲ್ಲೆಯ ಸ್ಕ್ಯಾನ್ ಕೇಂದ್ರಕ್ಕೆ ಹೋಗುವಾಗ ನಿಮ್ಮ ಡಾಕ್ಟರ ಸಹಿ, ಮೊಹರು, ದಿನಾಂಕ ಇರುವ ಶಿಫಾರಸು ಪತ್ರ ಇಲ್ಲದೆ ಹೊರಡಬೇಡಿ. ಮೊಬೈಲಿನಲ್ಲಿ ಚಿತ್ರ ತೋರಿಸಿದರೆ ಫಾರ್ಮ್ ಎಫ್‌ಗೆ ನಡೆಯುವುದಿಲ್ಲ. ನಮ್ಮ ಕಣ್ಣೆದುರೇ ಒಬ್ಬರು ಕುಂದಾಪುರದಿಂದ ಬಂದು ಅದೇ ಕಾರಣಕ್ಕೆ ವಾಪಸ್ ಹೋದರು.

ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಆಗುಂಬೆ ಘಾಟಿಯೇ ಹತ್ತಿರದ ದಾರಿ. 14 ತಿರುವು. ಆ ವಾರ ಮಳೆಗೆ ಭಾರಿ ವಾಹನ ನಿಲ್ಲಿಸಿದ್ದರು, ಬಾಡಿಗೆ ಕಾರಿನಲ್ಲಿ ಹೋದೆವು. ಬಸುರಿಯರಿಗೆ ಘಾಟಿ ಇಳಿಯುವುದು ಸರಿಯೇ ಎಂದು ನಮ್ಮ ಡಾಕ್ಟರನ್ನು ಕೇಳಿದ್ದಕ್ಕೆ, ನಿಧಾನಕ್ಕೆ ಹೋಗಿ, ಹೊಟ್ಟೆಯ ಕೆಳಗೆ ಬೆಲ್ಟ್ ಹಾಕಿ ಎಂದಿದ್ದರು. ಅಷ್ಟೇ.

ಮಣಿಪಾಲದ ತಜ್ಞರು ಮಾತನಾಡುತ್ತಲೇ ಸ್ಕ್ಯಾನ್ ಮಾಡಿದರು. ಆ ಮಾತಿಗೇ ಅರ್ಧ ಜೀವ ಬಂತು. ಬೇಕಾದಷ್ಟು ಭಾಗ ಮಾತ್ರ ಪರದೆ ತಿರುಗಿಸಿ ತೋರಿಸಿದರು. ಮಗುವಿನ ಮೂತ್ರಕೋಶ ಒಂದು ಕಪ್ಪು ದುಂಡಗಿನ ಚುಕ್ಕೆ. ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಬಣ್ಣ ಹಾಕಿದಾಗ ಆ ಚುಕ್ಕೆಯ ಎರಡೂ ಬದಿ ಬಳಸಿಕೊಂಡು ಎರಡು ಗೆರೆ ಹೊಳೆಯಬೇಕಂತೆ. ನಮ್ಮದರಲ್ಲಿ ಬಲಗಡೆ ಕೆಂಪು ಗೆರೆ ಮಿಡಿಯುತ್ತಿತ್ತು, ಎಡಗಡೆ ಖಾಲಿ. ಇಂಥವರಲ್ಲಿ ಎಡಗಡೆಯದೇ ಹೆಚ್ಚಾಗಿ ಇಲ್ಲದಿರುವುದು ಎಂದರು.

ಆಮೇಲೆ ಕಾಗದದ ಮೇಲೆ ಬರೆದು ವಿವರಿಸಿದರು. ಹೊಕ್ಕುಳಬಳ್ಳಿಯಲ್ಲಿ ಸಾಮಾನ್ಯವಾಗಿ ಎರಡು ಅಪಧಮನಿ, ಒಂದು ಅಭಿಧಮನಿ. ಮಾಸಿನಿಂದ ಆಮ್ಲಜನಕವನ್ನೂ ಆಹಾರವನ್ನೂ ಮಗುವಿಗೆ ತರುವುದು ಆ ಒಂದು ಅಭಿಧಮನಿ, ಅದು ನಮ್ಮ ಮಗುವಿಗೆ ಇದ್ದೇ ಇದೆ. ಅಪಧಮನಿಗಳು ಮಗುವಿನ ಬಳಸಿದ ರಕ್ತವನ್ನು ಮಾಸಿಗೆ ವಾಪಸ್ ಒಯ್ಯುತ್ತವೆ. ಅದರಲ್ಲಿ ಒಂದು ಆರಂಭದಲ್ಲೇ ರೂಪುಗೊಂಡಿರುವುದಿಲ್ಲ, ಇಲ್ಲವೇ ಬೆಳೆದು ಮುಚ್ಚಿಹೋಗಿರುತ್ತದೆ. ಉಳಿದದ್ದು ಅಗಲವಾಗಿ ಎರಡರ ಕೆಲಸವನ್ನೂ ಮಾಡುತ್ತದೆ. ಗಂಡ ಅಡಿಕೆ ತೋಟದವನು. “ತೋಟಕ್ಕೆ ನೀರು ಬರುವ ಕೊಳವೆ ಸರಿ ಇದೆ, ಎರಡು ಬಸಿಗಾಲುವೆಯಲ್ಲಿ ಒಂದು ಮುಚ್ಚಿದೆ, ಇನ್ನೊಂದು ಅಗಲವಾಗಿದೆ” ಎಂದ. ತಜ್ಞರು ನಕ್ಕು, ಇನ್ನು ಮುಂದೆ ತಾನೂ ಹಾಗೆಯೇ ಹೇಳುತ್ತೇನೆ ಎಂದರು. ಅತ್ತೆಗೆ ವಿಷಯ ತಿಳಿಸಿದ್ದೂ ಆ ಬಸಿಗಾಲುವೆಯ ಮೂಲಕವೇ. ಗ್ರಹಣದ ದಿನ ಹೊರಗೆ ಹೋಗಿದ್ದೆಯಾ ಎಂದು ಅವರು ಒಮ್ಮೆ ಕೇಳಿದರು. ಊಟ, ಓಡಾಟ, ಗ್ರಹಣ ಯಾವುದರಿಂದಲೂ ಇದು ಬರುವುದಿಲ್ಲ ಎಂದು ತಜ್ಞರು ಹೇಳಿದ್ದನ್ನು ಗಂಡ ಅವರಿಗೆ ಇದ್ದ ಹಾಗೇ ಒಪ್ಪಿಸಿದ.

ಒಂಟಿ ಮಗುವಿನ ಬಸುರುಗಳಲ್ಲಿ ಇದು ಸುಮಾರು ನೂರಕ್ಕೆ ಅರ್ಧದಿಂದ ಒಂದರಷ್ಟು ಕಂಡುಬರುತ್ತದೆ, ಅವಳಿಗಳಲ್ಲಿ ಇನ್ನೂ ಹೆಚ್ಚು. ನಮ್ಮ ಶಾಲೆಯಲ್ಲಿ ನಾನೂರು ಮಕ್ಕಳಿದ್ದಾರೆ. ಹಾಗಾದರೆ ಎರಡರಿಂದ ನಾಲ್ಕು ಮಕ್ಕಳು ಇದೇ ರೀತಿ ಹುಟ್ಟಿರಬೇಕು, ಅವರಲ್ಲಿ ಯಾರು ಎಂದು ಅವರ ತಾಯಂದಿರಿಗೂ ಗೊತ್ತಿರಲಾರದು. ಬೆಳಗಿನ ಪ್ರಾರ್ಥನೆಯ ಸಾಲುಗಳನ್ನು ನೋಡುತ್ತಾ ಈ ಲೆಕ್ಕ ಹಾಕುವುದು ಕೆಲವು ವಾರ ನನ್ನ ಅಭ್ಯಾಸವಾಗಿತ್ತು.

ಈ ನಡುವೆ ಒಂದು ಪ್ರಯೋಗಾಲಯದವರು ಮಗುವಿನ ವರ್ಣತಂತು ದೋಷದ ಸಾಧ್ಯತೆಯನ್ನು ತಾಯಿಯ ರಕ್ತದಿಂದ ನೋಡುವ ಎನ್‌ಐಪಿಟಿ ಎಂಬ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಫೋನಿನ ಮೇಲೆ ಫೋನು ಮಾಡಿದರು. ಹದಿನೆಂಟು ಸಾವಿರ ರೂಪಾಯಿ, ‘ಎಸ್‌ಯುಎ ಬಂದ ಎಲ್ಲರೂ ಮಾಡಿಸುತ್ತಾರೆ’ ಎಂಬ ಮಾತು. ನಮ್ಮ ನಂಬರ್ ಅವರಿಗೆ ಹೇಗೆ ಸಿಕ್ಕಿತೋ ದೇವರಿಗೇ ಗೊತ್ತು. ತಜ್ಞರನ್ನು ಕೇಳಿದೆವು. ಅಮೆರಿಕದ ಸೊಸೈಟಿ ಫಾರ್ ಮೆಟರ್ನಲ್-ಫೀಟಲ್ ಮೆಡಿಸಿನ್ 2021ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಬೇರೆ ನ್ಯೂನತೆ ಇಲ್ಲದಿದ್ದರೆ ಇದೊಂದೇ ಕಾರಣಕ್ಕೆ ವರ್ಣತಂತುಗಳ ಹೆಚ್ಚುವರಿ ಪರೀಕ್ಷೆ ಬೇಕಿಲ್ಲ ಎಂದರು. ಬೇರೇನಾದರೂ ಕಂಡಿದ್ದರೆ ಆಮ್ನಿಯೊಸೆಂಟೆಸಿಸ್, ಅಂದರೆ ಗರ್ಭದ ನೀರು ತೆಗೆದು ಮಾಡುವ ಪರೀಕ್ಷೆಯ ಮಾತು ಬರುತ್ತಿತ್ತು. ಎನ್‌ಐಪಿಟಿ ಸಾಧ್ಯತೆಯನ್ನಷ್ಟೇ ಹೇಳುತ್ತದೆ, ಖಚಿತ ಉತ್ತರ ಕೊಡುವುದು ಆಮ್ನಿಯೊ. ನಾವು ಎರಡನ್ನೂ ಮಾಡಿಸಲಿಲ್ಲ. ಮಾಡಿಸಿಕೊಂಡು ನೆಮ್ಮದಿ ಕಂಡವರೂ ಇದ್ದಾರೆ, ಅವರನ್ನು ನಾನು ತಪ್ಪು ಎನ್ನುವುದಿಲ್ಲ.

ಹೃದಯವನ್ನು ಅಂದು ಸಾಕಷ್ಟು ನೋಡಿದರೂ, ಪೂರ್ತಿ ಖಚಿತಪಡಿಸಲು ಫೀಟಲ್ ಎಕೋಗೆ, ಅಂದರೆ ಮಗುವಿನ ಹೃದಯವನ್ನಷ್ಟೇ ನೋಡುವ ಸ್ಕ್ಯಾನ್‌ಗೆ, 23ನೇ ವಾರದಲ್ಲಿ ಬರಲು ಹೇಳಿದರು. ಆ ವೇಳೆಗೆ ಹೃದಯ ಇನ್ನಷ್ಟು ದೊಡ್ಡದಾಗಿ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಗಡಿಯಾರವಿದೆ. ಗರ್ಭಪಾತದ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿದೆ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, 24 ವಾರದವರೆಗೆ ಕೆಲವು ನಿರ್ದಿಷ್ಟ ವರ್ಗದವರಿಗೆ ಇಬ್ಬರದು ಬೇಕು, ಅದರಾಚೆಗೆ ಭ್ರೂಣದಲ್ಲಿ ಗಂಭೀರ ನ್ಯೂನತೆ ಇದೆ ಎಂದು ವೈದ್ಯಕೀಯ ಮಂಡಳಿ ಹೇಳಬೇಕು. ನಮ್ಮ ಸಂಬಂಧಿಕರೊಬ್ಬರು ‘ಇನ್ನೂ ಸಮಯವಿದೆಯಲ್ಲ’ ಎಂದು ಗಂಡನ ಕಿವಿಯಲ್ಲಿ ಹೇಳಿದ್ದು ಗೊತ್ತಾಗಿ ನಾನು ಅವರ ಮನೆಗೆ ಹೋಗುವುದನ್ನೇ ಬಿಟ್ಟೆ. ಬೇರೆ ತೊಂದರೆ ಇಲ್ಲದ ಎಸ್‌ಯುಎಗೆ ಆ ಪ್ರಶ್ನೆಯೇ ಏಳುವುದಿಲ್ಲ ಎಂದು ತಜ್ಞರು ಸ್ಪಷ್ಟವಾಗಿ ಹೇಳಿದ್ದರು. ಆದರೆ ಬೇರೆ ನ್ಯೂನತೆ ಇರುವವರಿಗೆ ಪ್ರತಿ ವಾರವೂ ಮುಖ್ಯ. ಅದಕ್ಕಾಗಿ ಅನಾಮಲಿ ಸ್ಕ್ಯಾನ್ ಅನ್ನು ಹಬ್ಬ, ಮದುವೆ, ಪರೀಕ್ಷೆ ಎಂದು ಮುಂದೂಡಬೇಡಿ.

ಎಕೋ ದಿನ ಮಗು ಮತ್ತೆ ಬೆನ್ನು ತಿರುಗಿಸಿ ಮಲಗಿತ್ತು. ಕ್ಯಾಂಟೀನಿಗೆ ಹೋಗಿ ಏನಾದರೂ ಸಿಹಿ ತಿಂದು ಬನ್ನಿ ಎಂದರು. ಗೋಳಿಬಜೆ ತಿನ್ನುವ ಆಸೆಯಿದ್ದರೂ ಮೈಸೂರುಪಾಕು ತಿಂದು, ಮೆಟ್ಟಿಲು ಹತ್ತಿ ಇಳಿದು ಬಂದೆ. ಮಗು ಹೊರಳಿತು. ನಾಲ್ಕು ಕೋಣೆ, ಎರಡು ದೊಡ್ಡ ರಕ್ತನಾಳ, ಅವು ಒಂದನ್ನೊಂದು ದಾಟುವ ರೀತಿ ಎಲ್ಲವೂ ಸರಿ. ವರದಿಯ ಕೊನೆಯಲ್ಲಿ ‘ಐಸೊಲೇಟೆಡ್ ಎಸ್‌ಯುಎ’ ಎಂದಿತ್ತು. ಮೂರು ತಿಂಗಳ ಹಿಂದೆ ಆ ಪದವೇ ಗೊತ್ತಿರದಿದ್ದ ನಾವಿಬ್ಬರೂ ಅದನ್ನು ನೋಡಿ ಪಾರ್ಕಿಂಗ್ ಜಾಗದಲ್ಲಿ ಮಳೆಯಲ್ಲೇ ನಿಂತು ಅತ್ತೆವು. ವಿವರವಾದ ಸ್ಕ್ಯಾನ್‌ಗೆ ಮೂರು ಸಾವಿರ, ಎಕೋಗೆ ಎರಡೂವರೆ ಸಾವಿರ, ಪ್ರತಿ ಸಲದ ಕಾರು ಬಾಡಿಗೆ ಹೆಚ್ಚುಕಡಿಮೆ ಅಷ್ಟೇ. ಸ್ಕ್ಯಾನ್‌ನಷ್ಟೇ ಘಾಟಿಯೂ ದುಬಾರಿ.

ಊರಿಗೆ ಬಂದು ಒಂಬತ್ತನೇ ತಾರೀಖಿಗೆ ಸರ್ಕಾರಿ ಆಸ್ಪತ್ರೆಗೆ ತಾಯಿ ಕಾರ್ಡ್ ಹಿಡಿದು ಹೋದೆ. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಬಸುರಿಯರ ತಪಾಸಣೆ ಉಚಿತ. ಖಾಸಗಿಯಲ್ಲಿ ತೋರಿಸುತ್ತಿದ್ದರೂ ಇದನ್ನು ಬಿಡಬೇಡಿ. ಅಲ್ಲಿ ವರದಿ ನೋಡಿ ಕಾರ್ಡಿಗೆ ಕೆಂಪು ಚೀಟಿ ಅಂಟಿಸಿದರು, ಹೆಚ್ಚಿನ ಅಪಾಯದ ಗರ್ಭ ಎಂಬುದರ ಗುರುತು ಅದು. ಆ ಕೆಂಪು ಕಂಡು ಅತ್ತೆ ಮತ್ತೆ ಕುಸಿದರು. ಉಪಯೋಗವಂತೂ ಆಯಿತು: ಆಶಾ ಕಾರ್ಯಕರ್ತೆ ಆಗಾಗ ಮನೆಗೆ ಬಂದು ಬಿಪಿ, ತೂಕ, ಮಾತ್ರೆ ವಿಚಾರಿಸಿದಳು.

ಇಲ್ಲಿಂದ ಮುಂದೆ ಇದ್ದದ್ದು ಬೆಳವಣಿಗೆಯ ಚಿಂತೆ. ಇಂಥ ಮಕ್ಕಳಲ್ಲಿ ಕೆಲವರು ತೂಕದಲ್ಲಿ ಹಿಂದೆ ಬೀಳಬಹುದು, ಹಾಗಾಗಿ ಕೊನೆಯ ಮೂರು ತಿಂಗಳು ಗ್ರೋತ್ ಸ್ಕ್ಯಾನ್ ಮತ್ತು ಡಾಪ್ಲರ್. 28ನೇ ವಾರದ್ದು ಚೆನ್ನಾಗಿತ್ತು. ಸೀಮಂತ ಮುಗಿಯಿತು, ಹಸಿರು ಬಳೆ ತೊಟ್ಟೆ. ಅದರ ಮರುವಾರವೇ 32ನೇ ವಾರದ ಸ್ಕ್ಯಾನ್‌ನಲ್ಲಿ ಮಗುವಿನ ಹೊಟ್ಟೆಯ ಸುತ್ತಳತೆ ಹನ್ನೆರಡನೇ ಪರ್ಸೆಂಟೈಲ್ ಎಂದು ಬಂತು. ಪರ್ಸೆಂಟೈಲ್ ಎಂದರೇನು ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನು. ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಹನ್ನೆರಡನೆಯವಳೂ ಆರೋಗ್ಯವಂತಳೇ ಎಂದು ಗೊತ್ತು. ಅಷ್ಟಾದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಡಾಕ್ಟರು ಹೇಳಿದ್ದು: ಹತ್ತಕ್ಕಿಂತ ಕೆಳಗೆ ಹೋದರೆ ಹೆಚ್ಚಿನ ನಿಗಾ, ಈಗ ಡಾಪ್ಲರ್ ಸರಿ ಇದೆ, ಗರ್ಭದ ನೀರು ಸರಿ ಇದೆ, ಎರಡು ವಾರ ಬಿಟ್ಟು ನೋಡೋಣ. ಆ ಸ್ಕ್ಯಾನನ್ನು ದೂರ ತಪ್ಪಿಸಲು ಬೇರೊಂದು ಕಡೆ ಮಾಡಿಸಿದ್ದೆವು. ಕೇಂದ್ರದಿಂದ ಕೇಂದ್ರಕ್ಕೆ ಬೆಳವಣಿಗೆಯ ಕೋಷ್ಟಕವೇ ಬೇರೆ ಇರಬಹುದಂತೆ, ಅಳೆಯುವ ಕೈಯೂ ಬೇರೆ. ಸಾಧ್ಯವಾದರೆ ಗ್ರೋತ್ ಸ್ಕ್ಯಾನ್‌ಗಳನ್ನೆಲ್ಲ ಒಂದೇ ಕಡೆ ಮಾಡಿಸಿ, ಆಗ ಗೆರೆ ಏರುತ್ತಿದೆಯೇ ಎಂಬುದು ನಂಬುವ ಹಾಗೆ ತಿಳಿಯುತ್ತದೆ. ಎರಡು ವಾರದ ನಂತರ ಹಳೆಯ ಜಾಗದಲ್ಲೇ ನೋಡಿಸಿದಾಗ ಅದು ಇಪ್ಪತ್ತರ ಮೇಲಿತ್ತು.

ಮಗುವಿನ ಒದೆತ ಎಣಿಸುವುದನ್ನು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ, ಎರಡು ಗಂಟೆಯೊಳಗೆ ಹತ್ತು ಚಲನೆ ಎಣಿಸಬೇಕು. ಬರದಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಗೀಟು ಹಾಕಿದೆ. ನಮ್ಮ ಮಗಳು ರಾತ್ರಿ ಒಂಬತ್ತರ ಪಾಳಿಯವಳು.

36ನೇ ವಾರದಿಂದ ವಾರಕ್ಕೊಮ್ಮೆ ಎನ್‌ಎಸ್‌ಟಿ. ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತವನ್ನು ಇಪ್ಪತ್ತು ನಿಮಿಷ ಕಾಗದದ ಮೇಲೆ ಬರೆಸುತ್ತಾರೆ. ಕಷ್ಟವೇನೂ ಇಲ್ಲ, ಕಾಯುವುದೇ ಕಷ್ಟ. ಎಸ್‌ಯುಎ ಇದೆ ಎಂಬ ಕಾರಣಕ್ಕೇ ಸಿಸೇರಿಯನ್ ಬೇಕಿಲ್ಲ ಎಂದು ಮೊದಲೇ ಕೇಳಿಕೊಂಡಿದ್ದೆವು. ಶಿಶುತಜ್ಞರು ಇರುವ ಆಸ್ಪತ್ರೆಯಲ್ಲೇ ಹೆರಿಗೆಯಾಗಲಿ, ಹೆರಿಗೆಯುದ್ದಕ್ಕೂ ಎದೆಬಡಿತ ನೋಡುತ್ತಿರಲಿ ಎಂಬುದಷ್ಟೇ ಸಲಹೆ. 39ನೇ ವಾರದಲ್ಲಿ, ಸಂಕ್ರಾಂತಿ ಕಳೆದ ಮೇಲೆ ಸಹಜ ಹೆರಿಗೆಯಾಯಿತು. ಎರಡು ಕಿಲೋ ಏಳುನೂರು ಗ್ರಾಂ, ಮೊದಲ ಕೂಗು ಕಾರಿಡಾರಿನವರೆಗೆ ಕೇಳಿಸಿತಂತೆ.

ಮಾಸು ಬಿದ್ದ ಮೇಲೆ ಡಾಕ್ಟರು ನನಗೆ ಹೊಕ್ಕುಳಬಳ್ಳಿಯ ಕತ್ತರಿಸಿದ ತುದಿಯನ್ನು ತೋರಿಸಿದರು, ನಾನೇ ಕೇಳಿದ್ದೆ. ಹೊಳೆಯುವ ಬೂದುಬಿಳಿ ಲೋಳೆಯ ನಡುವೆ ಬಾಯಿ ತೆರೆದ ಒಂದು ತೆಳು ಗೋಡೆಯ ತೂತು, ಅದು ಅಭಿಧಮನಿ. ಪಕ್ಕದಲ್ಲಿ ಬಿಗಿದುಕೊಂಡ ದಪ್ಪಗಿನ ಬಿಳಿ ಚುಕ್ಕೆ ಒಂದೇ ಒಂದು. ಐದು ತಿಂಗಳು ಹೆದರಿಸಿದ್ದು ಕಿರುಬೆರಳ ಅಗಲವೂ ಇರಲಿಲ್ಲ.

ಶಿಶುತಜ್ಞರು ಮಗುವನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷಿಸಿ, ಎದೆಯ ಸದ್ದು ಕೇಳಿ, ಮೂತ್ರ ಮಾಡಿದೆಯೇ ಎಂದು ವಿಚಾರಿಸಿದರು. ಗರ್ಭದಲ್ಲೇ ಮೂತ್ರಪಿಂಡಗಳು ಸರಿಯಾಗಿ ಕಂಡಿದ್ದರೆ ಹುಟ್ಟಿದ ಮೇಲೆ ಮತ್ತೆ ಸ್ಕ್ಯಾನ್ ಬೇಕೇ ಎಂಬುದರಲ್ಲಿ ವೈದ್ಯರಲ್ಲೇ ಎರಡು ಅಭಿಪ್ರಾಯವಿದೆ. ನಮ್ಮವರು ಮಾಡಿಸಿದರೆ ನಷ್ಟವಿಲ್ಲ ಎಂದರು. ಬಿಡುಗಡೆಯ ಸಾರಾಂಶದಲ್ಲಿ ಎಸ್‌ಯುಎ ವಿಷಯವೇ ಬಿಟ್ಟುಹೋಗಿತ್ತು, ಹೇಳಿ ಸೇರಿಸಿದೆವು. ಮುಂದೆ ಯಾವ ಶಿಶುವೈದ್ಯರ ಬಳಿ ಹೋದರೂ ಅವರಿಗೆ ಅದು ಗೊತ್ತಿರಬೇಕಾದ್ದು, ನೀವೂ ಆಸ್ಪತ್ರೆ ಬಿಡುವ ಮುಂಚೆ ಓದಿ ನೋಡಿ.

ಆರನೇ ವಾರದ ಲಸಿಕೆಯ ದಿನ ಮಗುವಿನ ಹೊಟ್ಟೆಯ ಸ್ಕ್ಯಾನನ್ನೂ ಮಾಡಿಸಿಕೊಂಡು ಬಂದೆವು. ಒಂದು ಸಾವಿರದ ಇನ್ನೂರು ರೂಪಾಯಿ. ಹಾಲು ಕುಡಿಸಿ ಮಲಗಿಸಿದರೆ ಸಾಕು, ಹೊಟ್ಟೆ ಖಾಲಿ ಇರಬೇಕಿಲ್ಲ. ಎರಡೂ ಮೂತ್ರಪಿಂಡ ಇದ್ದ ಜಾಗದಲ್ಲಿ ಇದ್ದ ಗಾತ್ರದಲ್ಲಿ ಇವೆ. ವರದಿಯ ಪ್ರತಿಯನ್ನು ಲಸಿಕೆ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದ್ದೇನೆ. ಮುಂದಿನ ಲಸಿಕೆ ಹತ್ತನೇ ವಾರಕ್ಕೆ.